ಇಗರ್ಜಿಯ ಎದುರುಮನೆಯ ಕಂಟ್ರೋಲರು

ಕಳೆದ ವಾರ ಹಳೆಯ ವ್ಯಾನಿಟಿ ಬ್ಯಾಗೊಂದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಖಾಲಿ ಮಾಡುತ್ತಿದ್ದಾಗ ಒಳಜೇಬಿನಲ್ಲಿ ಸ್ಯಾನಿಟೈಸರಿನ ಪುಟ್ಟ ಬಾಟಲಿ ಸಿಕ್ಕಿತು. ಮುಚ್ಚಳ ಅಂಟಿಕೊಂಡಿತ್ತು. ಬಲವಾಗಿ ತಿರುಗಿಸಿದೆ. ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಸ್ಪಿರಿಟ್ಟಿನ ಘಾಟು, ಅದರ ಮೇಲೆ ಹುಸಿ ನಿಂಬೆಯ ಪರಿಮಳ. ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಸಿದ್ದಾಪುರದ ನಮ್ಮ ಇಗರ್ಜಿಯ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದೆ. ಕೈ ಒಡ್ಡಿದವರಿಗೆಲ್ಲ ಎರಡೆರಡು ಹನಿ ಹಾಕುತ್ತಾ, ಕಣ್ಣನ್ನು ಮಾತ್ರ ರಸ್ತೆಯಾಚೆ ನೆಟ್ಟುಕೊಂಡು... ಅಲ್ಲಿ, ತಮ್ಮ ಮನೆಯ ಬೇಲಿಗೆ ಮೊಣಕೈ ಊರಿ, ಕಂಟ್ರೋಲರು ನಿಂತಿರುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಹೆಸರು ಹಿಡಿದು ಯಾರೂ ಕರೆಯುತ್ತಲೂ ಇರಲಿಲ್ಲ. ಯಲ್ಲಾಪುರದಲ್ಲಿ, ಆಮೇಲೆ ಬಹುಕಾಲ ಶಿರಸಿಯಲ್ಲಿ, ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವುದು ತಡ ಎಂದು ಮೈಕಿನಲ್ಲಿ ಕೂಗಿ ಹೇಳುತ್ತಿದ್ದ ದನಿ ಅವರದು. ಶಿರಸಿಯಲ್ಲಿ ಬಿ.ಎಡ್ ಓದುವಾಗ ನಾನು ಆ ದನಿಯನ್ನು ದಿನಾ ಕೇಳಿದ್ದೆ. ಮುಖ ನೋಡಿದ್ದು ಸಿದ್ದಾಪುರಕ್ಕೆ ಟೀಚರಾಗಿ ಬಂದ ಮೇಲೆ. ಮೂಲ ಮನೆ ಮನ್ಮನೆ ಕಡೆ. ಗದ್ದೆ ತಮ್ಮನಿಗೆ ಬಿಟ್ಟು, ತಾವು ಹೆಂಡತಿಯೊಡನೆ ಪೇಟೆಯಲ್ಲಿ, ಇಗರ್ಜಿಯ ಎದುರಿಗೇ ಮನೆ ಕಟ್ಟಿಕೊಂಡಿದ್ದರು. ಮಕ್ಕಳಿರಲಿಲ್ಲ. ಇಗರ್ಜಿಯ ಪಕ್ಕದ ನಮ್ಮ ಮನೆಗೂ ಅವರದು ಎದುರುಮನೆ.

ನಮಗೂ ಅವರಿಗೂ ಸರಿಯಿರಲಿಲ್ಲ. ಒಂದು ಕ್ರಿಸ್‌ಮಸ್ಸಿಗೆ ನಾವು ಮೈಕು ಕಟ್ಟಿದಾಗ ಅವರು ಪೊಲೀಸರಿಗೆ ದೂರು ಕೊಟ್ಟಿದ್ದರು. ಹಾಡು ಅರ್ಧದಲ್ಲಿದ್ದಾಗ ಜೀಪು ಬಂತು. ಮೈಕು ಇಳಿಸಿದೆವು. ಆಮೇಲೆ ಅವರು ಎದುರಾದರೆ ನಮ್ಮವರು ಆಚೆ ಮುಖ ತಿರುಗಿಸಿ ದಾಟುತ್ತಿದ್ದರು. ಅವರ ಹೆಂಡತಿ ಮಾತ್ರ ಬೇರೆ ತರಹದ ಹೆಂಗಸು. ನಾನು ಶಾಲೆಗೆ ಹೋಗುವಾಗ ಬೇಲಿಯ ಮೇಲಿನಿಂದ ಅಬ್ಬಲಿಗೆ ದಂಡೆ ಚಾಚಿ, "ಅಕ್ಕೋರೆ, ಮುಡ್ಕೊಳ್ಳಿ" ಎನ್ನುತ್ತಿದ್ದರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎಂದೇ ಹೇಳುವುದು.

ಮೊದಲನೇ ಲಾಕ್‌ಡೌನ್ ಬಂದಾಗ ಇಗರ್ಜಿಗೆ ಬೀಗ ಬಿತ್ತು. ಫಾದರ್ ಒಬ್ಬರೇ ಒಳಗೆ ಬಲಿಪೂಜೆ ಮಾಡಿ ಮೊಬೈಲಿನಲ್ಲಿ ಕಳಿಸುತ್ತಿದ್ದರು. ನಾವು ಮನೆಯಲ್ಲಿ ಮೇಜಿನ ಮೇಲೆ ಸ್ಟೀಲ್ ಡಬ್ಬಿಗೆ ಫೋನು ಒರಗಿಸಿ, ಮೊಂಬತ್ತಿ ಹಚ್ಚಿ, ನೆಟ್‌ವರ್ಕು ಹೋದಲ್ಲಿ ಊಹಿಸಿಕೊಂಡು ಪ್ರಾರ್ಥಿಸುತ್ತಿದ್ದೆವು. ಎಷ್ಟೋ ಸಲ, ರೊಟ್ಟಿ ಯೇಸುವಿನ ದೇಹವಾಗುವ ಪರಮಪ್ರಸಾದದ ಹೊತ್ತಿಗೇ ಚಿತ್ರ ನಿಂತುಬಿಡುತ್ತಿತ್ತು. ಫಾದರ್ ರೊಟ್ಟಿ ಎತ್ತಿ ಹಿಡಿದ ಹಾಗೇ, ಬಾಯಿ ಅರ್ಧ ತೆರೆದ ಹಾಗೇ... ನಿಜ ಹೇಳಬೇಕೆಂದರೆ ನನಗೆ ಅದರಿಂದ ದೊಡ್ಡ ಕಳವಳವೇನೂ ಆಗುತ್ತಿರಲಿಲ್ಲ. ಹೊನ್ನಾವರ ಕಡೆಯ ಕೊಂಕಣಿ ಕಿರಿಸ್ತಾಂವರ ಮನೆಯಲ್ಲಿ ಹುಟ್ಟಿದವಳು ನಾನು. ನಂಬಿಕೆ ಎನ್ನುವುದು ರೇಷನ್ ಕಾರ್ಡಿನ ಹಾಗೆ ತಂದೆಯಿಂದ ಬಂದದ್ದು. ಇದೆಯೋ ಇಲ್ಲವೋ ಎಂದು ತೆಗೆದು ನೋಡಿದವಳಲ್ಲ.

ಎರಡನೇ ಅಲೆಯಲ್ಲಿ ಎದುರುಮನೆಗೆ ಕಾಯಿಲೆ ಬಂತು. ಗಂಡನಿಗೆ ಸ್ವಲ್ಪ, ಹೆಂಡತಿಗೆ ಜೋರು. ಆಂಬುಲೆನ್ಸು ಬಂದು ಹೆಂಡತಿಯನ್ನು ಕಾರವಾರಕ್ಕೆ ಒಯ್ದಿತು. ಕಂಟ್ರೋಲರನ್ನು ಮನೆಯಲ್ಲೇ ಇರಿಸಿ ಗೇಟಿಗೆ ಪಟ್ಟಿ ಕಟ್ಟಿದರು. ಬೀದಿಯಲ್ಲಿ ಯಾರೂ ಹೊರಗೆ ಬರುವಂತಿರಲಿಲ್ಲ. ಕೆಲವು ದಿನಗಳಾದ ಮೇಲೆ ಅವರ ತಮ್ಮ ಮನ್ಮನೆಯಿಂದ ಬೈಕಿನಲ್ಲಿ ಬಂದು, ಪಟ್ಟಿಯ ಆಚೆ ನಿಂತು ಒಳಗಿನವರಿಗೆ ಏನೋ ಹೇಳಿ, ಹೆಲ್ಮೆಟ್ಟನ್ನೂ ತೆಗೆಯದೆ ಅಲ್ಲೇ ಕಟ್ಟೆಯ ಮೇಲೆ ಕುಳಿತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಏನು ಹೇಳಿದನೆಂದು ಕೇಳಿಸಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಹೆಣವನ್ನು ಊರಿಗೆ ತರಲಿಲ್ಲ.

ಅದಾದ ಮೇಲೆ ಕಂಟ್ರೋಲರು ನಮ್ಮ ಇಗರ್ಜಿಯ ಕಂಪೌಂಡನ್ನು ನೋಡುತ್ತಾ ನಿಲ್ಲತೊಡಗಿದರು. ಬೆಳಿಗ್ಗೆ, ಸಂಜೆ. ಮೊದಮೊದಲು ಪಾಪ ಅನ್ನಿಸುತ್ತಿತ್ತು. ಮಳೆಗಾಲ ಕಳೆದು ಜನ ಮತ್ತೆ ಇಗರ್ಜಿಗೆ ಬರಲು ಶುರುವಾದಾಗಲೂ ಅವರು ಹಾಗೇ ನಿಂತಿರುವುದನ್ನು ಕಂಡು ನಮ್ಮವರಿಗೆ ಅನುಮಾನ ಹತ್ತಿತು.

ಮೂರನೇ ಅಲೆಯ ಹೊತ್ತಿಗೆ ಪೂಜೆ ಅಂಗಳಕ್ಕೆ ಬಂದಿತ್ತು. ಸುಣ್ಣದಲ್ಲಿ ದೂರದೂರ ವೃತ್ತ ಬರೆದು ಒಂದೊಂದರಲ್ಲಿ ಒಂದೊಂದು ಪ್ಲಾಸ್ಟಿಕ್ ಕುರ್ಚಿ. ತೀರ್ಥದ ಬಟ್ಟಲು ಒಣಗಿತ್ತು. ಪರಮಪ್ರಸಾದವನ್ನು ನಾಲಿಗೆಯ ಮೇಲಲ್ಲ, ಅಂಗೈಯಲ್ಲಿ ಕೊಡುತ್ತಿದ್ದರು. ಹಳಬರು ಕೆಲವರು ಅದಕ್ಕೂ ಗೊಣಗಿದರು. ಫಾದರ್ ಒಂದು ಸಣ್ಣ ಕೈಮೈಕು ಹಿಡಿದು ಮಾತಾಡುತ್ತಿದ್ದರು. ಇಷ್ಟೇ ಜನ ಸೇರಬೇಕೆಂದು ಸರ್ಕಾರದ ನಿಯಮ. ನಮ್ಮಲ್ಲಿ ಒಮ್ಮೊಮ್ಮೆ ಹೆಚ್ಚಾಗುತ್ತಿತ್ತು. ನಮ್ಮ ವಾರ್ಡಿನ ಹಿರಿಯರನ್ನು ಗುರ್ಕಾರರು ಎನ್ನುತ್ತೇವೆ. ಆಗಿನ ಗುರ್ಕಾರರಿಗೆ ಪೇಟೆಯಲ್ಲಿ ಬೇಕರಿಯಿತ್ತು. ಅವರು ಒಂದು ಭಾನುವಾರ ನನ್ನ ಸ್ಟೂಲಿನ ಬಳಿ ಬಂದು ಪಿಸುಗುಟ್ಟಿದರು.

"ತಲೆ ಎಣಿಸ್ತಾ ಇದ್ದಾನೆ ಟೀಚರ್. ಹೋದ ಸಲ ಮೈಕು, ಈ ಸಲ ಇಗರ್ಜಿಗೇ ಬೀಗ. ನೀವು ಗೇಟಲ್ಲಿ ಇರ್ತೀರಲ್ಲ, ಅವನ ಮೇಲೆ ಒಂದು ಕಣ್ಣಿಡಿ."

ಇಟ್ಟೆ. ನೋಡುತ್ತಾ ಹೋದಂತೆ ಒಂದು ವಿಷಯ ನನಗೆ ವಿಚಿತ್ರವಾಗಿ ಕಂಡಿತು. ಅವರ ದೃಷ್ಟಿ ಕುರ್ಚಿಗಳ ಮೇಲಿರುತ್ತಿರಲಿಲ್ಲ. ಕಂಪೌಂಡಿನ ಮೂಲೆಯಲ್ಲಿದ್ದ ದೊಡ್ಡ ಮತ್ತಿ ಮರದ ನಡುಭಾಗದ ಮೇಲಿರುತ್ತಿತ್ತು. ಅದನ್ನು ಹೇಳಿದರೆ ಗುರ್ಕಾರರು ನಕ್ಕರು. ನಮ್ಮನ್ನು ನೋಡುತ್ತಿದ್ದೇನೆಂದು ತೋರಿಸಿಕೊಂಡು ಯಾರಾದರೂ ಗೂಢಚಾರಿಕೆ ಮಾಡುತ್ತಾರೆಯೇ ಎಂದರು. ಅದೂ ಸರಿಯೆನ್ನಿಸಿತು.

ಮಳೆಗಾಲ ಬರುವುದರೊಳಗೆ ಅಂಗಳಕ್ಕೊಂದು ಶೀಟಿನ ಚಪ್ಪರ ಹಾಕಿಸಬೇಕೆಂದು ಇಗರ್ಜಿಯ ಸಮಿತಿಯಲ್ಲಿ ಮಾತಾಯಿತು. ಇನ್ನೂ ಎಷ್ಟು ಅಲೆಗಳಿವೆಯೋ ಯಾರಿಗೆ ಗೊತ್ತು, ಮಳೆಯಲ್ಲಿ ಜನರನ್ನು ಎಲ್ಲಿ ಕೂರಿಸುವುದು? ಚಪ್ಪರಕ್ಕೆ ಆ ಮತ್ತಿ ಮರ ಅಡ್ಡ. ಟೊಳ್ಳು ಬಿದ್ದ ಮರ, ಗಾಳಿಗೆ ಉರುಳಿದರೆ ಅಪಾಯ ಎಂದು ಹೇಳಿ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆಯನ್ನೂ ತಂದರು. ಬುಡಕ್ಕೆ ಬಣ್ಣದ ಗುರುತು ಬಿತ್ತು.

ಮರುದಿನವೇ ಕಂಟ್ರೋಲರು ರಸ್ತೆ ದಾಟಿ ಬಂದರು.

ಅಷ್ಟು ವರ್ಷಗಳಲ್ಲಿ ಅವರು ನಮ್ಮ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಬಿಳಿ ಪಂಚೆ, ಮಾಸ್ಕು, ಕೈಯಲ್ಲೊಂದು ಕೊಡೆ. ಫಾದರನ್ನು ನೋಡಬೇಕು ಎಂದರು. ಗುರ್ಕಾರರು ಬೇಕೆಂದೇ ಜೊತೆಗೆ ನಿಂತರು, ನಾನೂ ನಿಂತೆ. ಕಂಟ್ರೋಲರ ಬೇಡಿಕೆ ಇಷ್ಟೇ. ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಹೋದ ವರ್ಷದ ಹಾಗೆ ಈ ವರ್ಷವೂ ಸಂಸಾರ ಹೂಡಿದೆ. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಂಡಿದೆ. ಮರಿ ದೊಡ್ಡದಾಗಿ ಅವು ಹೊರಗೆ ಬರುವವರೆಗೆ ಕಡಿಯಬೇಡಿ. ಆಮೇಲೆ ಬೇಕಾದರೆ ಕಡಿಯಿರಿ, ನಾನೇ ಆಳು ಕೊಡುತ್ತೇನೆ.

ಗುರ್ಕಾರರು ಕೊಂಕಣಿಯಲ್ಲಿ, ಅವರಿಗೆ ತಿಳಿಯಬಾರದೆಂದು, "ಹಕ್ಕಿ ಒಂದು ನೆಪ, ಚಪ್ಪರ ನಿಲ್ಲಿಸಬೇಕು ಅಷ್ಟೆ" ಎಂದರು. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ವರ್ಷ ಕೂತವರಿಗೆ ಕೊಂಕಣಿ ತಿಳಿಯದೇ ಇರುತ್ತದೆಯೇ? ಕಂಟ್ರೋಲರು ಕೊಡೆಯ ತುದಿಯಿಂದ ಮರವನ್ನು ತೋರಿಸಿದರು.

ಫಾದರ್ ಹೋಗಿ ನೋಡಿದರು. ನಾವೂ ನೋಡಿದೆವು. ಮರದ ನಡುವಿನಲ್ಲಿ ಪೊಟರೆ, ಅದರ ಬಾಯಿಗೆ ಮಣ್ಣು ಹಿಕ್ಕೆ ಎಲ್ಲ ಸೇರಿಸಿ ಗಾರೆ ಮಾಡಿದಂತೆ ಮೆತ್ತಿದ್ದು, ಮಧ್ಯದಲ್ಲಿ ಬೆರಳು ತೂರುವಷ್ಟು ಒಂದು ಸೀಳು. ಇಷ್ಟು ವರ್ಷ ಅದೇ ಮರದ ಕೆಳಗೆ ಚಪ್ಪಲಿ ಬಿಟ್ಟವರು ನಾವು. ಫಾದರ್ ಸ್ವಲ್ಪ ಹೊತ್ತು ಮೇಲೆ ನೋಡುತ್ತಲೇ ಇದ್ದು, ಚಪ್ಪರ ಈಗ ಬೇಡ ಎಂದರು. ಗುರ್ಕಾರರ ಮುಖ ಕಪ್ಪಿಟ್ಟಿತು. ಈ ಮನುಷ್ಯ ಗೆದ್ದ ಎಂದೇ ನಮ್ಮಲ್ಲಿ ಹಲವರಿಗೆ ಅನ್ನಿಸಿತು.

ಗೆದ್ದವರು ಸುಮ್ಮನೆ ಮನೆಯಲ್ಲಿರಬೇಕಲ್ಲ? ಮುಂದಿನ ಭಾನುವಾರ ಅವರು ಪೂಜೆಗೆ ಬಂದರು. ನನ್ನೆದುರು ಕೈ ಒಡ್ಡಿದರು. ನಾನು ಹನಿ ಹಾಕಿದೆ. ಸುಣ್ಣದ ವೃತ್ತಗಳೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, ತಾವೇ ಒಂದು ಕುರ್ಚಿ ಎಳೆದುಕೊಂಡು ಕುಳಿತರು. ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ಅವರು ಎದ್ದು ನಿಂತರು, ಮುಂದೆ ಬರಲಿಲ್ಲ. ಆಮೇಲಿನ ಭಾನುವಾರವೂ ಬಂದರು. ಅದರ ಮರುವಾರವೂ... ಪಕ್ಕದಲ್ಲಿ ಕೂರುವವರು ಫೋನು ಒಳಗಿಡುತ್ತಿದ್ದರು. ಮಾತಾಡುವವರು ದನಿ ತಗ್ಗಿಸುತ್ತಿದ್ದರು. ನಮ್ಮ ಪ್ರಾರ್ಥನೆಯಲ್ಲೇ ಒಂದು ಬಿಗುವು ಬಂದುಬಿಟ್ಟಿತ್ತು.

ಒಂದು ದಿನ ಪೂಜೆ ಮುಗಿದು ಜನ ಹೋದ ಮೇಲೆ, ನಾನು ಸ್ಟೂಲು ಎತ್ತಿಡುವಾಗ ನೇರವಾಗಿ ಕೇಳಿಯೇಬಿಟ್ಟೆ. ನೀವು ಇಲ್ಲಿಗೆ ಯಾಕೆ ಬರುತ್ತೀರಿ? ಅವರು ಮರದ ಕಡೆ ನೋಡಿದರು. ಮೈಕಿನಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ದ ದನಿ ಆವತ್ತು ತೀರಾ ಸಣ್ಣದಾಗಿತ್ತು.

"ಅವ್ಳನ್ನ ಕಾರವಾರಕ್ಕೆ ಒಯ್ದಾಗ ನಾ ಕಿಟಕಿಲಿ ಕೂತಿದ್ದೆ ಅಕ್ಕೋರೆ. ಬೇರೆ ಎಂತ ಮಾಡೂದು? ಆಗ ಇದು ಕಣ್ಣಿಗೆ ಬಿತ್ತು. ಹೆಣ್ಣು ಒಳಗೆ ಕೂತು ಗರಿ ಎಲ್ಲಾ ಉದುರಿಸ್ಕಂಡಿರ್ತದೆ, ಹಾರೂಕೆ ಬರೂದಿಲ್ಲ. ಗಂಡು ಹಣ್ಣು ನುಂಗ್ಕಂಡು ಬಂದು, ತನ್ನ ಗಂಟಲಿಂದ ಒಂದೊಂದೇ ತೆಗೆದು ಆ ಸೀಳಲ್ಲಿ ಕೊಡ್ತದೆ. ದಿನಾ ನೋಡ್ದೆ. ಅದು ಸಮಾ ಬಡಕಲಾಗಿತ್ತು. ಆದ್ರೂ ಬರೂದು ತಪ್ಪಿಸ್ಲಿಲ್ಲ. ನಂಗೆ ಅವ್ಳಿಗೆ ಒಂದು ಲೋಟ ಗಂಜಿ ಕಳ್ಸೂಕೆ ಆಗ್ಲಿಲ್ಲ."

ನಾನು ಸ್ಟೂಲನ್ನು ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ನಿಮ್ಮ ಫಾದರು ರೊಟ್ಟಿ ಎತ್ತಿ ಹಿಡಿದು ಹೇಳ್ತಾರಲ್ಲ, ಇದು ನಾನೇ, ತಿನ್ನಿ ಅಂದ ಹಾಗೆ. ಮುಂಚೆ ಅದು ಮೈಕಲ್ಲಿ ಕೇಳಿದ್ರೆ ಸಿಟ್ಟು ಬರ್ತಿತ್ತು. ಈಗ ಅಂಗಳದಲ್ಲಿ ಹೇಳಿದ್ದು ಕೇಳ್ದೆ. ಹಕ್ಕಿ ಅಲ್ಲೇ ಮರದ ಮೇಲಿತ್ತು. ಹೌದಲ್ಲ, ಆ ಯೇಸು, ಇಂವನೂ ಹಾಗೇ ಮಾಡಿದೋನು ಅಲ್ದಾ ಅನ್ನಿಸ್ತು. ಮತ್ತೆ ಮನೇಲಿ ಕೂರೂಕೆ ಆಗ್ಲಿಲ್ಲ."

ಕಣ್ಣಲ್ಲಿ ನೀರು ಬರಬೇಕಾಗಿತ್ತು ನನಗೆ. ಬಂದದ್ದು ಅನುಮಾನ. ಕಥೆ ತೀರಾ ಚೆನ್ನಾಗಿತ್ತು. ಸಾವಿರಾರು ಜನರನ್ನು ದನಿಯಿಂದಲೇ ಏಳಿಸಿ ಕೂರಿಸಿದ ಮನುಷ್ಯ. ಯಾವ ಮಾತಿಗೆ ಯಾರು ಕರಗುತ್ತಾರೆಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆ ಕಿಟಕಿಯಿಂದ ಈ ಪೊಟರೆ ಕಾಣುತ್ತದೆಯೇ, ಅದನ್ನಾದರೂ ನೋಡಬೇಕೆನ್ನಿಸಿತು. ಎರಡು ದಿನ ಬಿಟ್ಟು, ಅಬ್ಬಲಿಗೆ ಗಿಡ ಬೇಕೆಂಬ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಅವರು ಗಿಡ ಕೀಳಲು ಹಿತ್ತಲಿಗೆ ಹೋದಾಗ ಮುಂದಿನ ಕೋಣೆಯ ಕಿಟಕಿಗೆ ಕಣ್ಣಿಟ್ಟೆ. ಎದುರಿಗೇ ಮತ್ತಿ ಮರ, ನಡುವಿನಲ್ಲಿ ಪೊಟರೆ. ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ. ಅದರ ಹೆಣೆದ ಸೀಟು ಗುಳಿಬಿದ್ದು ಹೋಗಿತ್ತು.

ಕಾಣುತ್ತದೆ ಎಂದಾಯಿತು. ಅಷ್ಟಕ್ಕೇ ಮನಸ್ಸು ತಿಳಿಯಾಗಲಿಲ್ಲ.

ಆದರೆ ಅಂದಿನಿಂದ ನಾನೂ ಮೇಲೆ ನೋಡತೊಡಗಿದೆ. ಒಂದು ಭಾನುವಾರ ಬೇಗ ಬಂದು ಗೇಟು ತೆರೆದು ಕೂತಿದ್ದೆ. ಬೂದು ಬಣ್ಣದ ಹಕ್ಕಿ ಭಾರವಾಗಿ ರೆಕ್ಕೆ ಬಡಿಯುತ್ತಾ ಬಂದು ತೊಗಟೆಗೆ ಕಚ್ಚಿಕೊಂಡಿತು. ಕುತ್ತಿಗೆ ಕುಲುಕಿತು. ಕೊಕ್ಕಿನ ತುದಿಗೆ ಕೆಂಪು ಹಣ್ಣೊಂದು ಬಂತು, ಗೋಳಿಯದೋ ಬಸರಿಯದೋ. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಬಂದು ಅದನ್ನು ತೆಗೆದುಕೊಂಡಿತು. ಮತ್ತೊಂದು. ಮತ್ತೂ ಒಂದು... ಒಳಗಿದ್ದುದನ್ನೆಲ್ಲ ಕೊಟ್ಟು ಮುಗಿದ ಮೇಲೆ ಹಕ್ಕಿ ತುಸು ಹೊತ್ತು ಅಲ್ಲೇ ಇದ್ದು ಹಾರಿಹೋಯಿತು. ಆವತ್ತಿನ ಪೂಜೆಯಲ್ಲಿ ಫಾದರ್ ನನ್ನ ಅಂಗೈಯಲ್ಲಿ ಪರಮಪ್ರಸಾದವನ್ನು ಇಟ್ಟಾಗ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಏಳು ವರ್ಷದವಳಿದ್ದಾಗಿನಿಂದ ತಿನ್ನುತ್ತಾ ಬಂದದ್ದು. ಅದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನ್ನ ಹಿಂದೆ ನಿಂತವರು ಕೆಮ್ಮಿದರು.

ಹಕ್ಕಿಗಳು ಬೇಸಿಗೆಯ ಕೊನೆಯಲ್ಲಿ ಮರಿಯೊಂದಿಗೆ ಹೊರಬಿದ್ದವು. ಕಂಟ್ರೋಲರು ಬರುವುದು ನಿಲ್ಲಲಿಲ್ಲ. ಬದಲಾಗಿ, ಮಳೆ ಹಿಡಿದ ಮೇಲೆ ಒಂದು ದಿನ ಫಾದರ ಬಳಿ ಹೋಗಿ ತಮಗೆ ಜ್ಞಾನಸ್ನಾನ ಬೇಕು, ಕಿರಿಸ್ತಾಂವನಾಗಬೇಕು ಎಂದು ಕೇಳಿದರು.

ಸಮಿತಿಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮತಾಂತರದ ಕಾನೂನಿನ ಮಾತು ಎಲ್ಲ ಕಡೆ ಓಡಾಡುತ್ತಿದ್ದ ಕಾಲ. ಮೈಕಿಗೆ ದೂರು ಕೊಟ್ಟ ಮನುಷ್ಯನ ತಲೆಗೆ ನಾವೇ ಕೈಯಾರೆ ನೀರು ಹಾಕುವುದೇ? ಹಾಕಿದ ಮರುದಿನ ಅವನೋ ಅವನ ಕಡೆಯವರೋ ಆಮಿಷ ಒಡ್ಡಿದರು ಎಂದು ಬರೆದುಕೊಟ್ಟರೆ ಫಾದರ್ ಜೈಲಿಗೆ, ಇಗರ್ಜಿಗೆ ಬೀಗ. ಇದನ್ನು ಹೇಳುವ ಮೊದಲು ಗುರ್ಕಾರರು ಎದ್ದು ಹೋಗಿ ಕಿಟಕಿ ಮುಚ್ಚಿಬಂದಿದ್ದರು. ಅದು ದ್ವೇಷವಲ್ಲ, ಹೆದರಿಕೆ. ಫಾದರ್ ಎರಡೂ ಕಡೆ ಕೇಳಿ, ಒಂದು ವರ್ಷ ಕಲಿಯಲಿ, ಆಮೇಲೆ ನೋಡೋಣ ಎಂದರು. ಕಲಿಸುವುದು ಯಾರು? ಕನ್ನಡ ಟೀಚರು, ಎದುರುಬದುರು ಮನೆ. ನನ್ನ ಮೇಲೆ ಬಿತ್ತು.

ಹೀಗೆ ಶನಿವಾರ ಮಧ್ಯಾಹ್ನ ಅವರು ನಮ್ಮ ಜಗುಲಿಗೆ ಬರುವುದು ಶುರುವಾಯಿತು. ನಾನು ಕಲಿಸುತ್ತಿದ್ದೆ, ಜೊತೆಗೆ ಪರೀಕ್ಷಿಸುತ್ತಲೂ ಇದ್ದೆ. ಹಾಗಾದರೆ ಆವತ್ತು ದೂರು ಕೊಟ್ಟದ್ದು ಯಾಕೆ ಎಂದು ಒಂದು ದಿನ ಕೇಳಿದೆ. ಹೆಂಡತಿಗೆ ಹುಷಾರಿರಲಿಲ್ಲ, ನಿದ್ದೆ ಕೆಡುತ್ತಿತ್ತು ಎಂದೇನಾದರೂ ಹೇಳಿದ್ದರೆ ಇವರು ಬಣ್ಣ ಹಚ್ಚುವವರು ಎಂದು ತೀರ್ಮಾನಿಸುತ್ತಿದ್ದೆನೇನೋ. ಅವರು, ಆಗ ನಿಮ್ಮ ಮೇಲೆ ಸಿಟ್ಟಿತ್ತು, ಕಾರಣ ಎಂತದೂ ಇಲ್ಲ ಎಂದುಬಿಟ್ಟರು.

ಮತ್ತೊಂದು ಶನಿವಾರ ಅವರೇ ನನ್ನನ್ನು ಕೇಳಿದರು. "ನಿಮಗೆ ಅಂವ ಎಲ್ಲಿ ಸಿಕ್ಕಿದ ಅಕ್ಕೋರೆ?" ಯೇಸು ಎಲ್ಲಿ ಸಿಕ್ಕಿದ ಎಂದು. ನಾನು ಪುಸ್ತಕದ ಪುಟ ತಿರುವಿದೆ. ನಮ್ಮ ಮನೆಯಲ್ಲಿ ಮೊದಲಿಂದಲೂ ಇದ್ದ ಎಂದೆ. ಒಳ್ಳೇದಾಯ್ತು ಎಂದರು, ಹಂಗಿಸುವ ದನಿಯಲ್ಲಲ್ಲ. ಇಷ್ಟು ದಿನ ಅವರನ್ನು ಅನುಮಾನಿಸುತ್ತಿದ್ದವಳಿಗೆ ನನ್ನ ಮೇಲೆಯೇ ಅನುಮಾನ ಬಂದಿತ್ತು.

ಅವರಿಗೆ ಹೇಳಿಕೊಟ್ಟದ್ದರಲ್ಲಿ ಒಂದು ಸಂಗತಿಯನ್ನು ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು. ಸಾಯುವ ಸ್ಥಿತಿಯಲ್ಲಿರುವವರಿಗೆ ಫಾದರೇ ಬೇಕೆಂದಿಲ್ಲ. ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು. ಹೌದೇ ಎಂದರು. ಹೌದು ಎಂದೆ. ಇದನ್ನೇ ಯಾಕೆ ಹಿಡಿದು ಕೇಳುತ್ತಿದ್ದಾರೆ ಎಂದು ನನ್ನೊಳಗೊಂದು ಮುಳ್ಳು ಚುಚ್ಚಿತು.

ಆ ಹೊತ್ತಿಗೇ ಅವರ ತಮ್ಮ ಒಂದು ದಿನ ಬೈಕು ನಿಲ್ಲಿಸಿ ನಮ್ಮ ಮೆಟ್ಟಿಲ ಕೆಳಗೇ ನಿಂತ. ಒಳಗೆ ಬನ್ನಿ ಎಂದರೂ ಬರಲಿಲ್ಲ. "ನಮ್ಮಣ್ಣಂಗೆ ಎಂತ ಕೊಡ್ತೆ ಅಂದಿದ್ರಿ ಅಕ್ಕೋರೆ?" ಎಂದು ಕೇಳಿದ. ನಾನು ಏನೂ ಇಲ್ಲವೆಂದೆ. ಅವನು ನಂಬಲಿಲ್ಲ. ಮನೆ ಬರೆಸಿಕೊಳ್ಳುತ್ತಾರೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಒಂಟಿಯಾದ ಅಣ್ಣನನ್ನು ಯಾರೋ ಒಳಗೆ ಹಾಕಿಕೊಂಡರು ಎಂಬ ಸಂಕಟ ಅವನ ಮುಖದಲ್ಲಿತ್ತು. ಬೆದರಿಕೆ ಹಾಕಲಿಲ್ಲ. ಬೈಕು ಹತ್ತುವಾಗ ಕಿಕ್ಕು ಎರಡು ಸಲ ತಪ್ಪಿತು.

ಆಮೇಲಿನ ಒಂದು ಭಾನುವಾರ ಪೊಲೀಸ್ ಜೀಪು ಬಂತು. ಮತಾಂತರ ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದಾರಂತೆ. ಜೀಪು ನಿಂತಾಗ ಇಡೀ ಅಂಗಳ ತಿರುಗಿ ನೋಡಿದ್ದು ಜೀಪನ್ನಲ್ಲ, ಕೊನೆಯ ಕುರ್ಚಿಯನ್ನು. ನಾನೂ ಹಾಗೇ ನೋಡಿದೆ. ಕಂಟ್ರೋಲರು ಎದ್ದು, ಚಪ್ಪಲಿ ಹಾಕಿಕೊಂಡು, ತಾವಾಗಿಯೇ ಜೀಪಿನ ಬಳಿ ಹೋದರು. ಠಾಣೆಯಲ್ಲಿ ಅವರ ಹೇಳಿಕೆ ತೆಗೆದುಕೊಂಡಾಗ ಫಾದರ್ ಅಲ್ಲಿದ್ದರು. ಯಾರು ಕರೆದದ್ದು ಎಂಬ ಪ್ರಶ್ನೆಗೆ, ಯಾರೂ ಕರೆಯಲಿಲ್ಲ, ಹಕ್ಕಿ ನೋಡಿ ಬಂದೆ ಎಂದರಂತೆ. ಬರೆದುಕೊಳ್ಳುತ್ತಿದ್ದವನು ಪೆನ್ನು ಎತ್ತಿ ಹಿಡಿದು ನಕ್ಕನಂತೆ. ಅದನ್ನೇ ಬರ್ಕಳಿ ಎಂದು ಇವರು ಹೇಳಿದರಂತೆ. ಕೇಸು ಆಗಲಿಲ್ಲ. ದೂರು ಕೊಟ್ಟವರು ಯಾರೆಂದು ಇಂದಿಗೂ ನಮಗೆ ತಿಳಿದಿಲ್ಲ. ಕೆಲವರು ತಮ್ಮನೇ ಎಂದರು. ಇನ್ನು ಕೆಲವರು, ಸ್ವಲ್ಪ ದನಿ ತಗ್ಗಿಸಿ, ನಮ್ಮವರೇ ಯಾರೋ ಎಂದರು.

ಅಷ್ಟರಲ್ಲಿ ಫಾದರಿಗೆ ಯಲ್ಲಾಪುರದ ಕಡೆಗೆ ವರ್ಗವಾಯಿತು. ಹೊಸಬರು ಒಳ್ಳೆಯವರೇ, ಆದರೆ ಎಚ್ಚರಿಕೆಯ ಮನುಷ್ಯ. ಕೆಲವು ಕಾಲ ಬರಬೇಡಿ, ಬಿಸಿ ಆರಲಿ ಎಂದು ಕಂಟ್ರೋಲರಿಗೆ ಹೇಳಿದರು. ಅವರು ಸರಿ ಎಂದು ಮನೆಗೆ ಹೋದರು. ಶನಿವಾರದ ಪಾಠವೂ ನಿಂತಿತು. ಆ ಚಳಿಗಾಲ ಅವರಿಗೆ ಉಸಿರಾಟದ ತೊಂದರೆ ಶುರುವಾಗಿ, ತಮ್ಮ ಬಂದು ಮನ್ಮನೆಗೆ ಕರೆದುಕೊಂಡು ಹೋದ. ಶ್ವಾಸಕೋಶ ಆವತ್ತಿನ ಕಾಯಿಲೆಯಲ್ಲೇ ಹಾಳಾಗಿತ್ತಂತೆ.

ಬೇಸಿಗೆ ರಜೆಯಲ್ಲಿ ತಮ್ಮನೇ ಮತ್ತೆ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತ. ಅಣ್ಣ ನಿಮ್ಮನ್ನು ಕರೆಯುತ್ತಾನೆ ಎಂದ. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಹೊಸ ಫಾದರನ್ನು ಕೇಳಿದೆ. ಹೋಗದಿದ್ದರೆ ಒಳ್ಳೆಯದು ಎಂದರು. ನಾನು ಎರಡು ದಿನ ಯೋಚಿಸಿ ಬಸ್ಸು ಹತ್ತಿದೆ.

ಮನೆಯಲ್ಲಿ ಕಂಟ್ರೋಲರು ಗೋಡೆಗೆ ಒರಗಿ ಮಂಚದ ಮೇಲೆ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತೀರಾ ಇಳಿದುಹೋಗಿದ್ದರು. ನನ್ನನ್ನು ನೋಡಿ, ಬಸ್ಸು ಸರಿಯಾದ ಹೊತ್ತಿಗೆ ಬಂತಾ ಎಂದು ಕೇಳಿದರು. ಬಂತು ಎಂದೆ. ಆಮೇಲೆ, ಮುಂಚೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದನ್ನು ಮತ್ತೆ ಕೇಳಲಿಲ್ಲ. "ಹೊತ್ತಾಯ್ತು ಅಕ್ಕೋರೆ" ಎಂದರು, ಅಷ್ಟೇ. ನನಗೆ ತಿಳಿಯಿತು.

ನಾನು ಕದಲಲಿಲ್ಲ. ತಮ್ಮ ಬಾಗಿಲಲ್ಲೇ ನಿಂತಿದ್ದ. ಕಿಟಕಿಯ ಮೇಲೆ ಯಾರದೋ ಮೊಬೈಲು ಈ ಕಡೆ ಮುಖ ಮಾಡಿ ನಿಂತಿತ್ತು. ಗುರ್ಕಾರರು ಮುಚ್ಚಿದ ಕಿಟಕಿ, ಅಂಗಳದಲ್ಲಿ ನಿಂತ ಜೀಪು, ನನ್ನ ನೌಕರಿ ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದವು. ಈ ಎರಡು ವರ್ಷ ನಡೆದದ್ದೆಲ್ಲ ಈ ಒಂದು ಗಳಿಗೆಗಾಗಿಯೇ ಹೂಡಿದ ಆಟವಿರಬಹುದೇ ಎಂದೂ, ಹೌದು, ಅಲ್ಲಿ ನಿಂತು ಯೋಚಿಸಿದೆ.

ತಮ್ಮ ಒಳಗೆ ಹೋದ. ಬರುವಾಗ ಕೈಯಲ್ಲಿ ಒಂದು ಹಿತ್ತಾಳೆ ತಂಬಿಗೆ ಇತ್ತು. ಅದನ್ನು ನನ್ನ ಕೈಗೆ ಕೊಡದೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟ.

"ಬಾವಿ ನೀರು. ಅಂವ ಕೇಳಿದ್ದು ಕೊಟ್ಬಿಡಿ. ನಂಗಿದು ಸರಿ ಕಾಣೂದಿಲ್ಲ, ಸುಳ್ಳು ಎಂತಕ್ಕೆ ಹೇಳೂದು. ನಾ ಕೊಟ್ಟಿಗೆ ಹತ್ರ ಇರ್ತೆ."

ಮೊಬೈಲನ್ನೂ ಎತ್ತಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಅವನು ಹೊರಗೆ ಹೋದ. ಅವನ ಹೆಜ್ಜೆಯ ಸದ್ದು ಅಂಗಳ ದಾಟುವವರೆಗೂ ಕಾದೆ. ಆಗಲೂ ನನ್ನ ಅನುಮಾನ ಹೋಗಿರಲಿಲ್ಲ. ಅನುಮಾನ ಹೋಗಲಿ, ಆಮೇಲೆ ಮಾಡೋಣ ಎಂದು ಕೂತರೆ ಈ ಮನುಷ್ಯ ಉಳಿಯುವುದಿಲ್ಲ ಎನ್ನುವುದು ಮಾತ್ರ ಸ್ಪಷ್ಟವಾಗಿತ್ತು. ತಂಬಿಗೆ ಎತ್ತಿದೆ. ಅವರು ತಲೆ ಬಾಗಿಸಿದರು. ಹಣೆಯ ಮೇಲೆ ಮೂರು ಸಲ ನೀರು ಬಿಟ್ಟು, ಹೇಳಬೇಕಾದ ಮಾತು ಹೇಳಿದೆ. ನೀರು ಕಿವಿಯ ಹಿಂದಿನಿಂದ ಇಳಿದು ಬನಿಯನ್ನನ್ನು ತೋಯಿಸಿತು. ನನ್ನ ಸೆರಗಿನಿಂದ ಒರೆಸಿದೆ. ಅವರು ಕಣ್ಣು ಮುಚ್ಚಿಯೇ ಇದ್ದರು. ತಣ್ಣಗಾಯ್ತು ಎಂದರು... ನೀರಿನ ಮಾತೋ, ಬೇರೆ ಮಾತೋ.

ನಾನು ಹೊರಟಾಗ ತಮ್ಮ ಕೊಟ್ಟಿಗೆಯ ಬಳಿ ಎಮ್ಮೆಯ ಬೆನ್ನು ಸವರುತ್ತಾ ನಿಂತಿದ್ದ. ತಿರುಗಿ ನೋಡಲಿಲ್ಲ.

ಮಳೆ ಶುರುವಾದ ವಾರ ಕಂಟ್ರೋಲರು ತೀರಿಕೊಂಡರು. ಅವರ ಮನೆಯವರ ಪದ್ಧತಿಯಂತೆಯೇ ಎಲ್ಲ ನಡೆಯಿತು. ಸುದ್ದಿ ನನಗೆ ತಿಳಿದಾಗ ಬೂದಿಯೂ ಆರಿತ್ತು. ಇಗರ್ಜಿಯಲ್ಲಿ ಅವರಿಗಾಗಿ ಪೂಜೆ ಇಡಿಸಬೇಕೆಂದಿದ್ದರೆ ಹೆಸರು ಕೊಡಬೇಕಿತ್ತು, ಹೆಸರು ಕೊಟ್ಟರೆ ಪ್ರಶ್ನೆ ಬರುತ್ತಿತ್ತು. ಇಡಿಸಲಿಲ್ಲ. ನನ್ನಷ್ಟಕ್ಕೆ ನಾನು ಪ್ರಾರ್ಥಿಸಿದೆ. ಅವರ ಮನೆಯಲ್ಲಿ ಈಗ ಬ್ಯಾಂಕಿನವರೊಬ್ಬರು ಬಾಡಿಗೆಗೆ ಇದ್ದಾರೆ. ಒಳ್ಳೆಯ ಜನ. ಆದರೂ ಸಂಜೆ ಗೇಟು ಹಾಕುವಾಗ ಆ ಬೇಲಿಯ ಕಡೆ ನೋಡಿದರೆ ಮನಸ್ಸು ಖಾಲಿಯೆನ್ನಿಸುತ್ತದೆ. ಅಷ್ಟು ಕಾಲ ಒಬ್ಬ ಮನುಷ್ಯನನ್ನು ಕಾವಲು ಕಾದವಳಿಗೆ, ಅವನಿಲ್ಲದಿರುವುದು ಎಂಥ ನಷ್ಟವೆಂದು ಬೇರೆಯವರಿಗೆ ವಿವರಿಸುವುದು ಕಷ್ಟ.

ಇದನ್ನು ಬರೆಯಲೇ ಬೇಡವೇ ಎಂದು ಹೊಯ್ದಾಡುತ್ತಿದ್ದಾಗ, ಮೊನ್ನೆ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರ ತಮ್ಮ ಸಿಕ್ಕಿದ. ನಾನು ಶಿರಸಿಯ ಬಸ್ಸಿಗೆ ಕಾಯುತ್ತಿದ್ದೆ. ಅವನು ಗೊಬ್ಬರದ ಚೀಲದ ಮೇಲೆ ಕುಳಿತಿದ್ದವನು ಎದ್ದು ಹತ್ತಿರ ಬಂದ. ಕೂದಲು ಪೂರ್ತಿ ನರೆತಿದೆ. ಬರೆಯುವ ವಿಷಯ ಹೇಳಿದೆ. ತುಸು ಯೋಚಿಸಿ, ಬರೀರಿ, ಹೆಸರು ಬೇಡ ಎಂದ. ಆಮೇಲೆ ಆಚೀಚೆ ನೋಡಿ ಕೇಳಿದ.

"ಅಕ್ಕೋರೆ, ಅಣ್ಣ ಈಗ ನಿಮ್ಮ ಕಡೆ ಇದ್ದಾನೋ, ನಮ್ಮ ಕಡೆ ಇದ್ದಾನೋ?"

ಯಾವ ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕುವ ಅಭ್ಯಾಸ ನನಗೆ. ಈ ಸಲ ಹಾಕಲಿಲ್ಲ.

"ಗೊತ್ತಿಲ್ಲ ತಮ್ಮಾ" ಎಂದೆ.

"ನಂಗೂ ಗೊತ್ತಿಲ್ಲ" ಎಂದ. ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕದಲ್ಲೇ ನಿಂತ. ಬಸ್ಸು ಬರಲು ತಡವಿತ್ತು.